ನಲವತ್ತೊಂದು ಉತ್ತರಗಳು

ಜೂನ್ 2

ಅಮ್ಮ ನನ್ನನ್ನು ಮತ್ತೆ ದಾನ ಮಾಡಿ ಬಂದಿದ್ದಾಳೆ. "ನನ್ನ ಮಗಳಿದ್ದಾಳಲ್ಲ, ಮಾಡ್ತಾಳೆ ಬಿಡಿ" ಅನ್ನುವ ಮಾತು ಅವಳ ನಾಲಗೆಯ ತುದಿಯಲ್ಲೇ ಕಾಲು ಮಡಚಿ ಕೂತಿರುತ್ತದೆ. ಪಕ್ಕದ ಮನೆಯವರು ಊರಿಗೆ ಹೋದರೆ ಅವರ ಬೆಕ್ಕಿಗೆ ಹಾಲಿಡುವುದು ನಾನು. ನಮ್ಮ ಪ್ರಾರ್ಥನಾ ಕೂಟದ ಹಿರಿಯರ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡುವುದು ನಾನು. ಈ ಸಲ ದೇವರ ಕೆಲಸ.

ನಿನ್ನೆ ವಾರದ ಪ್ರಾರ್ಥನೆ ಮುಗಿದ ಮೇಲೆ ಅಧ್ಯಕ್ಷರು ನಿಂತು ತಲೆ ಎಣಿಸಿದರಂತೆ. ಕೂಟದ ಸದಸ್ಯರ ಪುಸ್ತಕದಲ್ಲಿ ಮೂವತ್ತರೊಳಗಿನವರು ನಲವತ್ತೊಂದು ಜನ. ಬೆಂಚಿನ ಮೇಲಿದ್ದವರು ಒಂಬತ್ತು. "ಯಾಕೆ ಬರ್ತಿಲ್ಲ ಅಂತ ಯಾರಾದರೂ ಕೇಳಬೇಕಲ್ಲ" ಎಂದು ಅವರು ಅಂದಿದ್ದೇ ತಡ, ಅಮ್ಮನ ಕೈ ಮೇಲಕ್ಕೆ ಹೋಗಿದೆ.

"ದಿನಾ ಫೋನಲ್ಲಿ ಸೋಪಿನ ಬಗ್ಗೆ ಕೇಳ್ತೀಯ. ದೇವರ ಬಗ್ಗೆ ಕೇಳೋಕೆ ಏನು ಕಷ್ಟ?"

"ಅಮ್ಮಾ, ನಾನೇ ಒಳಗೆ ಕಾಲಿಡದೆ ಎರಡು ವರ್ಷ ಆಯ್ತು."

"ಅದಕ್ಕೇ. ನಿನ್ನ ಹತ್ತಿರ ನಿಜ ಹೇಳ್ತಾರೆ."

ಅಮ್ಮನ ಹತ್ತು ಮಾತಿನಲ್ಲಿ ಒಂದು ಸರಿ ಇರುತ್ತದೆ. ಆ ಒಂದರಿಂದಲೇ ನಾನು ಸೋಲುವುದು. ಅಪ್ಪ ಎಂದಿನಂತೆ ಪೊರಕೆ ಹಿಡಿದು ಹೊರಟರು. ಹತ್ತೊಂಬತ್ತು ವರ್ಷದಿಂದ ಪ್ರಾರ್ಥನಾ ಭವನ ನೋಡಿಕೊಳ್ಳುತ್ತಿರುವವರು. ಗುಡಿಸುವುದು, ಬೆಂಚು ಜೋಡಿಸುವುದು, ಮೈಕು, ಗೇಟು, ಎಲ್ಲ ಅವರದೇ. ಭವನದ ಹಿಂದಿನ ಎರಡು ಕೋಣೆಯಲ್ಲಿ ನಮ್ಮ ವಾಸ. ಹಾಗಾಗಿ ನಾನು ಹೋಗದಿದ್ದರೂ ಹಾಡು ಗೋಡೆ ದಾಟಿ ಬಂದು ನನ್ನ ಮಂಚದ ಮೇಲೆ ಕೂರುತ್ತದೆ.

ನಾನು ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಹೇಳಲು ದೊಡ್ಡ ಕಥೆಯೇನೂ ಇಲ್ಲ. ಒಂದು ವಾರ ಜ್ವರ ಬಂತು, ಹೋಗಲಿಲ್ಲ. ಮುಂದಿನ ವಾರ ಜ್ವರ ಇರಲಿಲ್ಲ. ಆಗಲೂ ಹೋಗಲಿಲ್ಲ.

ಜೂನ್ 4

ಅಧ್ಯಕ್ಷರ ಪೀಠೋಪಕರಣದ ಅಂಗಡಿಗೆ ಹೋಗಿದ್ದೆ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ ಮೇಲೆ ಕೂರಿಸಿದರು. ಅಲುಗಾಡಿದರೆ ಕಿರ್ ಎನ್ನುತ್ತದೆ, ಮರ್ಯಾದೆಯಾಗಿ ಮಾತಾಡುವುದೇ ಕಷ್ಟ.

"ಒಂದು ಷರತ್ತು," ಅಂದೆ. "ಯಾರು ಏನು ಹೇಳಿದರು ಅಂತ ಕೊಡಲ್ಲ. ಉತ್ತರ ಮಾತ್ರ."

"ಹೆಸರು ಕಟ್ಕೊಂಡು ನನಗೇನಾಗಬೇಕು ಮಗು? ಕಾರಣ ಸಾಕು."

ನಗುನಗುತ್ತಲೇ ಹೇಳಿದರು. ಪಟ್ಟಿ ಕೊಟ್ಟರು. ನಲವತ್ತೊಂದನೆಯ ಹೆಸರು ನನ್ನದೇ. ಅಳಿಸಿಲ್ಲ ಎಂದು ಆಶ್ಚರ್ಯವಾಯಿತು.

ಜೂನ್ 7

ಕಚೇರಿಯ ಫೋನ್ ಸಮೀಕ್ಷೆಯಲ್ಲಿ ಆರು ಗಂಟೆ ಬಟ್ಟೆ ಸೋಪು, ಆಮೇಲೆ ಮನೆಯ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ದೇವರು. ಸೋಪಿನವರೇ ವಾಸಿ, ಇಷ್ಟವಿಲ್ಲದಿದ್ದರೆ ಫೋನ್ ಇಟ್ಟುಬಿಡುತ್ತಾರೆ. ಇವರು ಇಡುವುದಿಲ್ಲ. "ಚೆನ್ನಾಗಿದ್ದೀಯಾ, ಅಮ್ಮನ ಮಂಡಿ ನೋವು ಹೇಗಿದೆ" ಅಂತ ಸುತ್ತಿ ಸುತ್ತಿ, ಪ್ರಶ್ನೆ ಬಂದ ಕೂಡಲೇ ಅಡ್ಡಗೋಡೆ ಮೇಲೆ ದೀಪ ಇಡುತ್ತಾರೆ. ಒಬ್ಬನಿಗೆ ಕೆಲಸ, ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬನಿಗೆ ಬಸ್ಸಿಲ್ಲ. ಅವನ ಮನೆ ಭವನದಿಂದ ನಾಲ್ಕು ನೂರು ಹೆಜ್ಜೆ.

ಟೈರ್ ಅಂಗಡಿಯವನು ಮಾತ್ರ ನೇರ. "ದೇವರಿಗೂ ನನಗೂ ಜಗಳ ಇಲ್ಲ ಕಣೇ. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಒಂದು ವಿಚಾರಣೆ ನಡೆಯುತ್ತಲ್ಲ, ಯಾವಾಗ ಮದುವೆ, ಯಾಕೆ ಗಡ್ಡ, ಯಾರ ಜೊತೆ ನೋಡಿದೆವು ಅಂತ. ಅದಕ್ಕೆ ವಕೀಲರನ್ನ ಕರ್ಕೊಂಡು ಬರಬೇಕು."

"ನಂಬಿಕೆ ಇದೆಯಾ?"

"ಇದೆ."

"ಒಂದರಿಂದ ಐದರಲ್ಲಿ ಎಷ್ಟು?"

ಅವನು ತುಂಬ ಹೊತ್ತು ನಕ್ಕ. ನನಗೆ ರೇಗಿತು. ಬೇರೆ ಹೇಗೆ ಕೇಳುವುದು?

ಜೂನ್ 12

ಇಪ್ಪತ್ತಾರು ಮುಗಿದವು. ನನ್ನ ಪಟ್ಟಿ ಕೆಟ್ಟು ಕೆರ ಹಿಡಿದಿದೆ. ಬರುವವರಿಗೆ ನಂಬಿಕೆ ಇರುತ್ತದೆ, ಬಾರದವರಿಗೆ ಇರುವುದಿಲ್ಲ ಎಂದುಕೊಂಡು ಎರಡು ಸಾಲು ಗೀಚಿಕೊಂಡಿದ್ದೆ. ಪ್ರತಿ ವಾರ ಮುಂದಿನ ಬೆಂಚಿನಲ್ಲಿ ಕೂತು ಹಾಡುವ ಒಬ್ಬ ಹೇಳಿದ: "ಏನೂ ಇಲ್ಲ ಅಕ್ಕಾ ಮೇಲೆ. ಆದರೆ ನಾನು ಬರದಿದ್ದರೆ ನಮ್ಮ ಅಜ್ಜಿ ಊಟ ಮಾಡಲ್ಲ." ಮೂರು ವರ್ಷದಿಂದ ಇತ್ತ ತಲೆ ಹಾಕದ ಒಬ್ಬಳು, ಬಸ್ಸಿನಲ್ಲಿ ಕಣ್ಣು ಮುಚ್ಚಿ ದಿನವೂ ಪ್ರಾರ್ಥಿಸುತ್ತಾಳಂತೆ. "ಅಲ್ಲಿ ಕೂತರೆ ಎಲ್ಲರೂ ನನ್ನ ಬಟ್ಟೆ ನೋಡ್ತಾರೆ. ಬಸ್ಸಲ್ಲಿ ಯಾರೂ ನೋಡಲ್ಲ."

ಇವರನ್ನು ಯಾವ ಸಾಲಿಗೆ ಹಾಕಲಿ?

ಪಟ್ಟಿಯಲ್ಲಿರುವ ನರ್ಸ್ ಫೋನಿನಲ್ಲಿ ಸಿಗುವುದೇ ಇಲ್ಲ. ಆಸ್ಪತ್ರೆಯ ಕ್ಯಾಂಟೀನಿಗೇ ಹೋದೆ. ಚಿಕ್ಕಂದಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳಿಗೆ ಹದಿನೈದು ನಿಮಿಷ ಬಿಡುವು, ಅದರಲ್ಲಿ ಹತ್ತು ನಿಮಿಷ ಬೈದಳು. "ವಾರ್ಡಲ್ಲಿ ಸಾಯೋರು ನನ್ನ ಕೈ ಹಿಡ್ಕೊಂಡು ಕೇಳ್ತಾರೆ, ದೇವರು ಇದ್ದಾನಾ ಸಿಸ್ಟರ್ ಅಂತ. ನಾನು 'ಇದ್ದಾನೆ' ಅಂತೀನಿ. ಭವನದಲ್ಲಿ ಅದೇ ಪ್ರಶ್ನೆ ನಾನು ಕೇಳಿದ್ದಕ್ಕೆ ಗುರುಗಳು 'ಮೊದಲು ಪಾಠ ಬಾಯಿಪಾಠ ಮಾಡು' ಅಂದ್ರು."

"ಮತ್ತೆ ನೀನು ನಂಬ್ತೀಯಾ?"

"ಅವರು ಕೈ ಹಿಡಿದಿರೋವಾಗ ನಂಬ್ತೀನಿ."

ಬರೆದುಕೊಂಡೆ. ಟೀ ದುಡ್ಡು ಅವಳೇ ಕೊಟ್ಟಳು.

ಜೂನ್ 17

ಬೇಕರಿಯವಳು ಫೋನಿನಲ್ಲಿ ಮಾತಾಡಲ್ಲ, ಅಂಗಡಿಗೆ ಬಾ ಅಂದಿದ್ದಳು. ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತೆವು. ನನಗಿಂತ ಎರಡು ವರ್ಷ ಚಿಕ್ಕವಳು. ಮೊಳಕೈವರೆಗೂ ಹಿಟ್ಟು.

"ನಂಬ್ತೀನಿ. ನಿಮ್ಮೆಲ್ಲರಿಗಿಂತ ಜಾಸ್ತಿ ನಂಬ್ತೀನಿ, ಬರ್ಕೋ. ಆದ್ರೆ ಆ ಗೇಟು ದಾಟಲ್ಲ."

ಅವಳ ಅಕ್ಕ ಕೂಟದ ಹೊರಗಿನವನನ್ನು ಮದುವೆಯಾದಳು. ಪುಸ್ತಕದಿಂದ ಅಕ್ಕನ ಹೆಸರು ಹೊಡೆದು ಹಾಕಿದರು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಇದು: ಅಕ್ಕನಿಗೆ ಮಗುವಾಯಿತು, ಹನ್ನೊಂದನೇ ದಿನಕ್ಕೆ ಹೋಯಿತು. ಆ ವಾರದ ಪ್ರಾರ್ಥನೆಗೆ ಇವಳ ಅಮ್ಮ ಒಬ್ಬರೇ ಬಂದರು.

"ಏನಕ್ಕೆ ಬಂದಿದ್ದು ಗೊತ್ತಾ? ಆ ಮಗು ಬಗ್ಗೆ ಒಂದು ಮಾತು ಹೇಳಿ ಪ್ರಾರ್ಥನೆ ಮಾಡಿ ಅಂತ ಕೇಳೋಕೆ. ಒಂದೇ ಒಂದು ಮಾತು. ಒಳಗೇ ಬಿಡಲಿಲ್ಲ. ಗೇಟು ಹಾಕಿದ್ರು. ಅಮ್ಮ ಹಾಡು ಮುಗಿಯೋವರೆಗೂ ಆಚೆ ನಿಂತಿದ್ದು ಬಂದಳು."

"ಗೇಟು ಹಾಕಿದ್ದು ಯಾರು?"

ಅವಳು ನನ್ನ ಮುಖವನ್ನೇ ನೋಡಿದಳು. "ನಿಜವಾಗ್ಲೂ ಗೊತ್ತಿಲ್ವಾ? ನಿಮ್ಮಪ್ಪ."

ಹೊರಡುವಾಗ ಕೈ ಹಿಡಿದು, "ಇದನ್ನ ಬರೀಬೇಡ, ನಮ್ಮ ಮನೇದು ಅಂತ ಎಲ್ಲರಿಗೂ ಗೊತ್ತಾಗುತ್ತೆ" ಅಂದಳು. ಬರೆಯಲ್ಲ ಅಂದೆ. ನನ್ನ ತೋಳಿನ ಮೇಲೆ ಅವಳ ಬೆರಳಿನ ಹಿಟ್ಟು. ಬಸ್ಸಿನಲ್ಲಿ ಲೆಕ್ಕ ಹಾಕಿದೆ, ಅದು ಆದದ್ದು ಮೂರು ವರ್ಷದ ಹಿಂದೆ. ಆಗ ನಾನಿನ್ನೂ ಹೋಗುತ್ತಿದ್ದೆ. ಅವರು ಆಚೆ ನಿಂತಿದ್ದಾಗ ನಾನು ಒಳಗೆ ಹಾಡುತ್ತಿದ್ದೆ.

ಜೂನ್ 18

ಅಪ್ಪ ಊಟಕ್ಕೆ ಕರೆದರು. ಹಸಿವಿಲ್ಲ ಅಂದೆ.

ಜೂನ್ 21

ಕೇಳಬೇಕು, ಕೇಳುವಂತಿಲ್ಲ. ಕೇಳಿದರೆ ಯಾರು ಹೇಳಿದರು ಎಂದು ಅಪ್ಪನಿಗೆ ಗೊತ್ತಾಗುತ್ತದೆ. ಈ ಮನುಷ್ಯ ಬೆಂಚಿನ ಕೆಳಗೆ ಸಿಕ್ಕ ಜೇಡವನ್ನು ಸಹ ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡುವವರು. ಇವತ್ತು ಅದನ್ನೇ ಮಾಡುತ್ತಿದ್ದರು. ನೋಡಿ ಮೈಯೆಲ್ಲ ಉರಿಯಿತು.

"ಏನಾಗಿದೆ ನಿನಗೆ?" ಅಮ್ಮ.

"ಸೋಪು ಕೇಳಿ ಕೇಳಿ ಸಾಕಾಗಿದೆ."

ಕಚೇರಿಯಲ್ಲೂ ಮೇಲ್ವಿಚಾರಕಿ ಹತ್ತಿರ ಬೈಸಿಕೊಂಡೆ. ಯಾರೋ ಅಜ್ಜಿ ಸೋಪಿನ ಬದಲು ಸತ್ತ ಗಂಡನ ಬಗ್ಗೆ ಹೇಳತೊಡಗಿದರು, ಹದಿನೆಂಟು ನಿಮಿಷ ಕೇಳಿಸಿಕೊಂಡೆನಂತೆ. ಮಿತಿ ನಾಲ್ಕು ನಿಮಿಷ.

ಜೂನ್ 28

ವರದಿ ಬರೆದೆ. ಆರು ಪುಟ. ನಲವತ್ತು ಜನ, ಒಬ್ಬರ ಗುರುತೂ ಸಿಗದ ಹಾಗೆ. ಬೇಕರಿಯವಳ ಮಾತನ್ನು ಒಂದೇ ಸಾಲು ಮಾಡಿದೆ: "ನಮ್ಮ ನಡವಳಿಕೆಯಿಂದ ನೊಂದು ದೂರವಾದವರಿದ್ದಾರೆ." ಹನ್ನೊಂದು ದಿನದ ಮಗು ಈ ಸಾಲಿನಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ನಾಲ್ಕು ಸಲ ಹೊಡೆದು ಹಾಕಿ, ಮತ್ತೆ ಅದನ್ನೇ ಬರೆದೆ.

ನಲವತ್ತೊಂದನೆಯದು ನನ್ನದು. ನಂಬಿಕೆ ಇದೆಯೇ? ಇದೆ, ಇಲ್ಲ, ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕೂ ಒಂದು ಧೈರ್ಯ ಬೇಕು. ಖಾಲಿ ಬಿಟ್ಟೆ. ಬೇರೆಯವರು ಹೀಗೆ ಮಾಡಿದಾಗ ಎಷ್ಟು ಸಿಡುಕಿದ್ದೆ!

ಜುಲೈ 1

ಸಮಿತಿಯ ಮುಂದೆ ಓದಿದೆ. ಐದು ಜನ ಹಿರಿಯರು. ಅಪ್ಪ ಹಿಂದೆ ಟೀ ಲೋಟ ಜೋಡಿಸುತ್ತಿದ್ದರು. ಅಂಗಳದ ವಿಚಾರಣೆಯ ಭಾಗ ಬಂದಾಗ ಒಬ್ಬರು ನಕ್ಕರು. "ನೊಂದು ದೂರವಾದವರು" ಎಂಬಲ್ಲಿಗೆ ಬಂದಾಗ ಅಧ್ಯಕ್ಷರು ಕೈ ಎತ್ತಿದರು.

"ಯಾರು ನೊಂದಿದ್ದು? ಯಾರು ನೋಯಿಸಿದ್ದು?"

"ಹೆಸರು ಕೊಡಲ್ಲ ಅಂತ ಮಾತಾಗಿತ್ತು."

"ಹೆಸರಿಲ್ಲದ ದೂರನ್ನ ಚಾಡಿ ಅಂತಾರೆ ಮಗು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡು ಬಂದಿದ್ದೆ. ಆಮೇಲೆ ಅವರು ಹಿಂದಕ್ಕೆ ತಿರುಗಿದರು. "ನೀವೇ ಹೇಳಿ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದೀರಿ. ಯಾರನ್ನಾದರೂ ನೋಯಿಸಿ ಕಳಿಸಿದ್ದೀವಾ?"

ಅಪ್ಪ ಲೋಟ ಕೆಳಗಿಟ್ಟರು. "ನೆನಪಿಗೆ ಬರ್ತಿಲ್ಲ," ಅಂದರು.

ಜುಲೈ 3

ಅಧ್ಯಕ್ಷರು ಮನೆಗೇ ಬಂದಿದ್ದರು. ಯಾರಿಗೆ ನಂಬಿಕೆ ಇಲ್ಲ, ಯಾರು ಏನಂದರು, ಪೂರ್ತಿ ಪಟ್ಟಿ ಬೇಕಂತೆ. "ಶಿಕ್ಷೆ ಮಾಡೋಕಲ್ಲ, ಒಬ್ಬೊಬ್ಬರನ್ನೂ ಕೂರಿಸಿ ತಿದ್ದೋಕೆ." ಹದಿನಾಲ್ಕನೇ ತಾರೀಖಿನ ಸಭೆಯೊಳಗೆ ಕೊಡಬೇಕು. ಎದ್ದು ಹೋಗುವಾಗ ಗೋಡೆ ಸವರಿ, "ಈ ಕೋಣೆಗೆ ಸುಣ್ಣ ಬಳಿಸಬೇಕು, ಇರೋರು ಇದ್ದರೆ" ಅಂದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ಅಮ್ಮ ನನ್ನ ಮೇಲೆ ಹಾರಿಬಿದ್ದಳು. "ಕೊಟ್ಟುಬಿಡೇ! ಅವರೆಲ್ಲ ನಿನಗೇನಾಗಬೇಕು? ಎರಡು ವರ್ಷದಿಂದ ಅತ್ತ ಕಾಲಿಡದವಳಿಗೆ ಈಗ ಎಲ್ಲಿಂದ ಬಂತು ಇಷ್ಟು ನಿಷ್ಠೆ?"

ಕೊಟ್ಟ ಮಾತು, ಅಷ್ಟೇ. ಅದರಲ್ಲಿ ನಿಷ್ಠೆ ಗಿಷ್ಠೆ ಏನಿಲ್ಲ.

ಜುಲೈ 4

ಕಚೇರಿಯಲ್ಲಿ ಕಾಗದ ಚೂರು ಮಾಡುವ ಯಂತ್ರವಿದೆ. ನೋಟುಪುಸ್ತಕವನ್ನು ಹಾಳೆ ಹಾಳೆಯಾಗಿ ಹಾಕಿದೆ. ನರ್ಸಿನ ಹಾಳೆ ಹಾಕುವಾಗ ಒಮ್ಮೆ ಓದಿಕೊಂಡೆ. ಮೇಲ್ವಿಚಾರಕಿ ಬಂದು, "ಸ್ವಂತ ಕಾಗದ ಇಲ್ಲಿ ಹಾಕಬಾರದು" ಅಂದಳು. ಅವಳಿಗೂ ಇವತ್ತೇ ಕಾಣಬೇಕಿತ್ತು.

ಜುಲೈ 6

ಪ್ರಾರ್ಥನೆ ಮುಗಿದು ಜನ ಹೋದ ಮೇಲೆ ಅಪ್ಪ ಬೆಂಚು ಒರೆಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ.

"ಅಪ್ಪಾ, ಅವತ್ತು ನೆನಪಿಲ್ಲ ಅಂದ್ರಲ್ಲ. ನಿಜವಾಗ್ಲೂ ನೆನಪಿಲ್ವಾ?"

ಬಟ್ಟೆ ನಿಂತಿತು. ನನ್ನ ಕಡೆ ನೋಡಲಿಲ್ಲ. "ನಿನಗೆ ಯಾರು..." ಅಂದವರು ತಾವೇ ತಡೆದುಕೊಂಡರು. "ಬೇಡ. ಕೇಳಲ್ಲ. ಯಾರು ಹೇಳಿದ್ರು ಅನ್ನೋದು ಯಾಕೆ, ಮಾಡಿದ್ದು ನನಗೆ ಗೊತ್ತಲ್ಲ."

ಬಟ್ಟೆ ಮಡಚಿ ಬೆಂಚಿನ ಮೇಲಿಟ್ಟು ಹೇಳಿದರು. "ಅವರ ಕೈ ಗೇಟಿನ ಸರಳಿನ ಮೇಲಿತ್ತು. ಚಿಲಕ ಹಾಕುವಾಗ, ಕೈ ತೆಗೀರಿ ತಾಯಿ, ಸಿಕ್ಕಿಕೊಳ್ಳುತ್ತೆ ಅಂದೆ. ತೆಗೆದರು. ಒಂದು ಮಾತು ಬೈಯಲಿಲ್ಲ."

"ಯಾಕೆ ಹಾಕಿದ್ರಿ?"

"ಹಾಕು ಅಂದ್ರು, ಹಾಕಿದೆ. ಆಗ ನಿನ್ನ ಓದು ಇನ್ನೂ ಮುಗಿದಿರಲಿಲ್ಲ. ಈ ಮನೆ ಬಿಟ್ಟರೆ..."

"ಅದನ್ನ ನನ್ನ ತಲೆಗೆ ಕಟ್ಟಬೇಡಿ!"

ನನ್ನ ಕೂಗು ಖಾಲಿ ಭವನದಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ನಾನೇ ಬೆಚ್ಚಿದೆ. ಅಪ್ಪ ತಲೆ ಆಡಿಸಿದರು, ಸರಿ ಎನ್ನುವ ಹಾಗೆ. ಮತ್ತೆ ಒರೆಸತೊಡಗಿದರು. ಒರೆಸಿದ ಬೆಂಚನ್ನೇ ಒರೆಸುತ್ತಿದ್ದರು.

ಎಷ್ಟೋ ಬೈಯಬೇಕು ಅಂದುಕೊಂಡು ಹೋಗಿದ್ದೆ. ಇನ್ನೊಂದು ಬಟ್ಟೆ ತೆಗೆದುಕೊಂಡು ಆ ಕಡೆಯ ಸಾಲು ಒರೆಸಿ ಬಂದೆ.

ಜುಲೈ 14

ಸಂಜೆ ಸಭೆ. "ಪಟ್ಟಿ ಎಲ್ಲಿ?" ಅಧ್ಯಕ್ಷರು.

"ಹರಿದು ಹಾಕಿದೆ."

"ಬಾಯಲ್ಲಿ ಹೇಳಬಹುದಲ್ಲ."

"ಹೇಳಬಹುದು. ಹೇಳಲ್ಲ."

ಅಧ್ಯಕ್ಷರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಪ್ಪ, "ನಂದೊಂದು ಮಾತಿದೆ" ಅಂದರು. ಆ ಸಭೆಯಲ್ಲಿ ಅಪ್ಪ ಮಾತಾಡಿದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ಮೈಕು ಸರಿಯಿದೆಯಾ ಎಂದು ಕೇಳುವುದನ್ನು ಬಿಟ್ಟರೆ.

"ಅವತ್ತು ನೆನಪಿಲ್ಲ ಅಂದೆ. ಸುಳ್ಳು. ಮೂರು ವರ್ಷದ ಹಿಂದೆ ಮೊಮ್ಮಗು ಕಳ್ಕೊಂಡ ತಾಯಿ ಬಂದಿದ್ರು. ನೀವು ಗೇಟು ಹಾಕು ಅಂದ್ರಿ, ನಾನು ಹಾಕಿದೆ. ನಿಮಗೆಷ್ಟು ಪಾಲೋ ನನಗೂ ಅಷ್ಟೇ ಪಾಲು. ನಿನ್ನೆ ಅವರ ಮನೆಗೆ ಹೋಗಿದ್ದೆ. ಸಭೇಲಿ ಹೇಳ್ತೀನಿ ತಾಯಿ ಅಂದೆ. ಹೇಳಿ ಅಂದ್ರು."

"ಇದು ಇವತ್ತಿನ ವಿಷಯ ಅಲ್ಲ."

"ನನಗೆ ಮೂರು ವರ್ಷದಿಂದ ಇದೇ ವಿಷಯ."

ಸಮಿತಿಯ ನಿವೃತ್ತ ಟೀಚರಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, "ನನಗೂ ಕಿಟಕೀಲಿ ಕಂಡಿತ್ತು. ಹಾಡು ನಿಲ್ಲಿಸಲಿಲ್ಲ" ಅಂದರು. ಪಟ್ಟಿಯ ಮಾತು ಅಲ್ಲಿಗೇ ಬಿತ್ತು. ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಸರಿಯಾಯಿತು ಅನ್ನಲಿಲ್ಲ. ಟೀ ಕೂಡ ಕುಡಿಯದೆ ಎದ್ದು ಹೋದರು.

ಮನೆಗೆ ಬಂದು ಅಪ್ಪನಿಗೆ ಏನಾದರೂ ಹೇಳಬೇಕೆಂದು ಹುಡುಕಿದೆ. "ಊಟ ಮಾಡಿ" ಅಂದೆ.

ಜುಲೈ 19

ಪತ್ರ ಬಂತು. ಭವನಕ್ಕೆ "ಹೊಸ ವ್ಯವಸ್ಥೆ" ಮಾಡಲಾಗುತ್ತಿದೆ, ತಿಂಗಳ ಕೊನೆಗೆ ಕೋಣೆ ಬಿಡಬೇಕು. ಹತ್ತೊಂಬತ್ತು ವರ್ಷಕ್ಕೆ ಮೂರು ಸಾಲು. ಅದರಲ್ಲೂ ಎರಡು ತಪ್ಪು. ಟೀಚರಮ್ಮ ಸಹಿ ಹಾಕಿಲ್ಲ, ಉಳಿದ ನಾಲ್ವರದಿದೆ.

ಅಮ್ಮ ಅಳಲಿಲ್ಲ. ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಿ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಕೊನೆಗೆ, "ಆ ಮಗು ವಿಷಯ ನನಗೊಂದು ಮಾತು ಹೇಳಬಾರದಿತ್ತಾ ಇಬ್ರೂ?" ಅಂದಳು.

ಜುಲೈ 26

ಮನೆ ಬದಲಾಯಿಸಿದೆವು. ಟೈರ್ ಅಂಗಡಿಯವನು ವ್ಯಾನ್ ತಂದ. ಮೂರು ಮಹಡಿ, ಲಿಫ್ಟ್ ಇಲ್ಲ. ಮಂಚ ಹೊತ್ತು ಹತ್ತುತ್ತಾ, "ಒಂದರಿಂದ ಐದರಲ್ಲಿ ಇದಕ್ಕೆಷ್ಟು ಕೊಡ್ತೀಯ?" ಅಂತ ಕೇಳಿದ. ನರ್ಸ್ ಡ್ಯೂಟಿ ಮುಗಿಸಿ ಬಂದು ಅಡುಗೆಮನೆ ಜೋಡಿಸಿದಳು. ಏನು ಎಲ್ಲಿಟ್ಟಿದ್ದಾಳೋ ಅಮ್ಮನಿಗೆ ಇನ್ನೂ ಸಿಕ್ಕಿಲ್ಲ. ಅವಳೇ ವಿಚಾರಿಸಿ, ಅಪ್ಪನಿಗೆ ಔಷಧಿ ಗೋದಾಮಿನಲ್ಲಿ ಕಾವಲು ಕೆಲಸ ಕೊಡಿಸಿದ್ದಾಳೆ. ಅಜ್ಜಿಗೋಸ್ಕರ ಹಾಡುವವನೂ ಬಂದಿದ್ದ. ಕರೆದದ್ದು ಒಬ್ಬನನ್ನು, ಬಂದದ್ದು ಏಳು ಜನ.

ಬೇಕರಿಯವಳು ಬರಲಿಲ್ಲ. ಬರಲಿ ಅಂತ ನಾನೇನೂ ಅಂದುಕೊಂಡಿರಲಿಲ್ಲ. ಸುಳ್ಳು, ಅಂದುಕೊಂಡಿದ್ದೆ.

ಎಲ್ಲರೂ ನೆಲದ ಮೇಲೆ ಕೂತು ಟೀ ಕುಡಿದು ಮೂರು ಗಂಟೆ ಹರಟಿದರು. ನಮ್ಮ ಕೂಟದವರ ಬಾಯಿ ಮುಚ್ಚಿಸುವುದು ಬ್ರಹ್ಮನಿಂದಲೂ ಆಗದ ಕೆಲಸ.

ಆಗಸ್ಟ್ 3

ಬೆಳಗ್ಗೆ ಅಮ್ಮ ಸಿದ್ಧಳಾದಳು. "ಅವರು ಮನೆ ಕಿತ್ತುಕೊಂಡ್ರು, ಪ್ರಾರ್ಥನೆ ಕಿತ್ತುಕೊಳ್ಳೋಕೆ ಅದೇನು ಅವರಪ್ಪನ ಮನೇದಾ?" ಅಪ್ಪ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತೇ ಇದ್ದರು, ಏಳಲೂ ಇಲ್ಲ, ಅಂಗಿ ಬಿಚ್ಚಲೂ ಇಲ್ಲ. ನೋಡಲಾಗದೆ "ನಡೀರಿ, ನಾನೂ ಬರ್ತೀನಿ" ಅಂದೆ. ಇಬ್ಬರನ್ನೇ ಆ ಜನರ ಕಣ್ಣಿಗೆ ಬಿಡುವುದು ಹೇಗೆ?

ಅಪ್ಪನಿಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಎಷ್ಟು ವರ್ಷ ಆ ಬೆಂಚುಗಳನ್ನು ಜೋಡಿಸಿದ್ದಾರೆ, ಪ್ರಾರ್ಥನೆಯ ಹೊತ್ತಿಗೆ ಒಂದರ ಮೇಲೂ ಕೂತವರಲ್ಲ. ಗೋಡೆ ಬದಿಗೇ ನಿಂತರು. ತೋಳು ಹಿಡಿದು ನಾಲ್ಕನೇ ಸಾಲಿಗೆ ಕರೆತಂದು ಕೂರಿಸಿದೆ. ಯಾವಾಗ ಏಳಬೇಕು ಎನ್ನುವುದೂ ಅವರಿಗೆ ಗೊತ್ತಿಲ್ಲ, ಪ್ರತಿ ಸಲ ಒಂದು ಗಳಿಗೆ ತಡವಾಗಿ ಎದ್ದರು. ಮೊಳಕೈಯಿಂದ ತಿವಿದು ತಿವಿದು ಏಳಿಸಿದೆ. ಅಧ್ಯಕ್ಷರು ನಮ್ಮ ಕಡೆ ನೋಡಲಿಲ್ಲ. ಟೀಚರಮ್ಮ ಬಂದು ಅಮ್ಮನ ಪಕ್ಕ ಕೂತರು.

ನಂಬಿಕೆ ಬಂತಾ ಎಂದು ಕೇಳಿದರೆ, ಇಲ್ಲ. ಹಾಡಿನ ಅರ್ಧ ಸಾಲು ಮರೆತು ಹೋಗಿದೆ. ಬೆಂಚು ಬೆನ್ನಿಗೆ ಚುಚ್ಚುತ್ತದೆ. ಗುರುಗಳು ಯುವಜನರು ದಾರಿ ತಪ್ಪುತ್ತಿರುವ ಬಗ್ಗೆ ಮಾತಾಡಿದರು. ನನ್ನ ವರದಿಯ ಒಂದಕ್ಷರವೂ ಅವರ ತಲೆಗೆ ಹೋಗಿಲ್ಲ. ಕೇಳುತ್ತ ಕೇಳುತ್ತ ರೇಗಿತು, ಎದ್ದು ಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ನರ್ಸ್ ತಡವಾಗಿ ಓಡಿಬಂದು, ಯೂನಿಫಾರ್ಮಿನಲ್ಲೇ, ನನ್ನ ಇನ್ನೊಂದು ಪಕ್ಕಕ್ಕೆ ಸರಿದು ಕೂತಳು. ಎರಡು ನಿಮಿಷವಾಗಿರಬೇಕು, ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಎಬ್ಬಿಸಲು ಮನಸ್ಸಾಗಲಿಲ್ಲ. ಒಂದು ತೋಳು ಜೋಮು ಹಿಡಿದು, ಅಲುಗಾಡದೆ, ಉಪದೇಶ ಪೂರ್ತಿ ಕೇಳಿದೆ. ಚೆನ್ನಾಗಿರಲಿಲ್ಲ.